ತಗಡಿನ ನಕ್ಷತ್ರ

ನಡುಹಗಲಿನ ಬಿಸಿಲು. ಊರಿನ ದೊಡ್ಡ ಬೀದಿಯಲ್ಲಿ ನರಪಿಳ್ಳೆಯೂ ಇಲ್ಲ. ಎರಡು ಕಡೆಯ ಬಾಗಿಲು ಕಿಟಕಿಗಳೂ ಮುಚ್ಚಿವೆ. ಬೀದಿಯ ನಡುವೆ, ಎದೆಯ ಮೇಲೊಂದು ತಗಡಿನ ನಕ್ಷತ್ರವನ್ನು ಚುಚ್ಚಿಕೊಂಡ, ಯೌವನವನ್ನು ಹಿಂದೆ ಬಿಟ್ಟ ಎತ್ತರದ ಮನುಷ್ಯನೊಬ್ಬ ನಿಂತಿದ್ದಾನೆ. ಕ್ಯಾಮೆರಾ ಮೇಲೇರುತ್ತ ಹೋದಂತೆ ಬೀದಿ ಹಿರಿದಾಗುತ್ತದೆ, ಮನುಷ್ಯ ಕಿರಿದಾಗುತ್ತಾನೆ. ೧೯೫೨ರಲ್ಲಿ ಹೊರಬಂದ ‘ಹೈ ನೂನ್’ ಎಂಬ ಅಮೆರಿಕದ ಚಲಚ್ಚಿತ್ರವನ್ನು ಕಂಡವರು ಕಥೆಯನ್ನು ಮರೆತರೂ ಈ ದೃಶ್ಯವನ್ನು ಮರೆಯಲಾರರು.

ಕಥೆ ಸರಳವಾದದ್ದು. ಹ್ಯಾಡ್ಲೀವಿಲ್ ಎಂಬ ಪುಟ್ಟ ಊರಿನ ಮಾರ್ಷಲ್ ವಿಲ್ ಕೇನ್. ಆ ದಿನ ಬೆಳಿಗ್ಗೆಯಷ್ಟೇ ಅವನ ವಿವಾಹವಾಗಿದೆ. ಕೆಲಸಕ್ಕೆ ರಾಜೀನಾಮೆಯಿತ್ತು ಮಡದಿಯೊಡನೆ ಬೇರೆಡೆಗೆ ಹೊರಟಿದ್ದಾನೆ. ಹೊಸ ಮಾರ್ಷಲ್ ಬರುವುದು ಮರುದಿನ. ಅಷ್ಟರಲ್ಲಿ ತಂತಿ ಬರುತ್ತದೆ. ಹಿಂದೆ ಕೇನ್ ಹಿಡಿದು ಸೆರೆಗೆ ಕಳುಹಿಸಿದ್ದ ಫ್ರಾಂಕ್ ಮಿಲ್ಲರ್ ಎಂಬ ಪಾತಕಿಗೆ ಬಿಡುಗಡೆಯಾಗಿದೆ. ಹನ್ನೆರಡು ಗಂಟೆಯ ರೈಲಿನಲ್ಲಿ ಅವನು ಬರುತ್ತಾನೆ. ಅವನ ಮೂವರು ಸಂಗಡಿಗರು ಆಗಲೇ ನಿಲ್ದಾಣದಲ್ಲಿ ಕಾದಿದ್ದಾರೆ. ಊರು ಬಿಟ್ಟು ಹೊರಟಿದ್ದ ಕೇನ್ ದಾರಿಯಲ್ಲಿ ಗಾಡಿಯನ್ನು ತಿರುಗಿಸಿ ಹಿಂದಿರುಗುತ್ತಾನೆ. ಅಲ್ಲಿಂದ ಮುಂದೆ ತೆರೆಯ ಮೇಲಿನ ಗಡಿಯಾರವೂ ಪ್ರೇಕ್ಷಕನ ಕೈಗಡಿಯಾರವೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ನಡೆಯುತ್ತವೆ.

ಕೇನ್ ಮನೆಯಿಂದ ಮನೆಗೆ ಸಹಾಯ ಬೇಡುತ್ತ ಹೋಗುತ್ತಾನೆ. ಮಿಲ್ಲರನಿಗೆ ಶಿಕ್ಷೆ ವಿಧಿಸಿದ್ದ ನ್ಯಾಯಾಧೀಶ ಗೋಡೆಯ ಮೇಲಿನ ಧ್ವಜವನ್ನು ಮಡಿಚಿ, ತಕ್ಕಡಿಯನ್ನು ಚೀಲಕ್ಕೆ ತುಂಬಿಕೊಂಡು ಕುದುರೆಯೇರುತ್ತಾನೆ. ತನಗೆ ಮಾರ್ಷಲ್ ಪದವಿ ದೊರೆಯಲಿಲ್ಲವೆಂದು ಮುನಿದ ಸಹಾಯಕ ಕೈಬಿಡುತ್ತಾನೆ. ಗೆಳೆಯನೊಬ್ಬ ಮನೆಯೊಳಗೇ ಅಡಗಿ, ಮನೆಯಲ್ಲಿಲ್ಲವೆಂದು ಹೆಂಡತಿಯಿಂದ ಹೇಳಿಸುತ್ತಾನೆ. ಇಗರ್ಜಿಯಲ್ಲಿ ಸೇರಿದ ಸಭೆ ಚರ್ಚೆ ನಡೆಸಿ, ಮಾರ್ಷಲನ ಗುಣಗಾನ ಮಾಡಿ, ಊರ ಬೀದಿಯಲ್ಲಿ ರಕ್ತ ಹರಿದರೆ ಹೊರಗಿನ ಬಂಡವಾಳಗಾರರು ಹಿಂಜರಿದಾರೆಂಬ ಭಯದಿಂದ ಅವನನ್ನು ಊರು ಬಿಡೆಂದು ಬೇಡುತ್ತದೆ. ಸಹಾಯಕ್ಕೆ ಬರುವೆನೆಂದವರು ಒಬ್ಬ ಕುಡುಕ, ಒಬ್ಬ ಹುಡುಗ. ಇಬ್ಬರನ್ನೂ ಕೇನನೇ ಹಿಂದಕ್ಕೆ ಕಳುಹಿಸುತ್ತಾನೆ. ಕೊನೆಗೆ ನೆರವಾಗುವವಳು ಹಿಂಸೆಯನ್ನೇ ಒಪ್ಪದ ಪಂಥಕ್ಕೆ ಸೇರಿದ ಅವನ ನವವಧು. ನಾಲ್ವರೂ ಸತ್ತ ಮೇಲೆ ಬಾಗಿಲುಗಳು ತೆರೆಯುತ್ತವೆ, ಜನ ಓಡಿಬರುತ್ತಾರೆ. ಕೇನ್ ಒಂದು ಮಾತನ್ನೂ ಆಡದೆ ಎದೆಯ ನಕ್ಷತ್ರವನ್ನು ಕಿತ್ತು ಧೂಳಿಗೆ ಬಿಸುಟು ಗಾಡಿಯೇರಿ ಹೊರಟುಹೋಗುತ್ತಾನೆ.

ಈ ಚಿತ್ರವನ್ನು ಒಮ್ಮೆ ನನ್ನ ವಿದ್ಯಾರ್ಥಿಗಳೊಡನೆ ಕುಳಿತು ನೋಡಿದೆ. ಮುಗಿದ ಮೇಲೆ ಎಲ್ಲರೂ ಗ್ಯಾರಿ ಕೂಪರನ ಅಭಿನಯವನ್ನು ಹೊಗಳುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಮಾತ್ರ ಕೇಳಿದಳು: “ಸಾರ್, ಬಾಗಿಲು ಮುಚ್ಚಿಕೊಂಡವರೆಲ್ಲ ಕೆಟ್ಟವರೇ? ಅವರಿಗೂ ಹೆಂಡಿರು ಮಕ್ಕಳಿರಲಿಲ್ಲವೇ? ನಾವಾಗಿದ್ದರೆ ತೆರೆಯುತ್ತಿದ್ದೆವೇ?” ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಉತ್ತರವನ್ನು ಹುಡುಕುತ್ತ, ತೆರೆಯ ಮಾರ್ಷಲರನ್ನು ಮಾತ್ರವಲ್ಲದೆ ಚರಿತ್ರೆಯ ಮಾರ್ಷಲರನ್ನೂ ಮಾತನಾಡಿಸಬೇಕಾಯಿತು. ಅವರು ಹೇಳಿದ್ದನ್ನು ಓದುಗರ ಮುಂದಿಡುತ್ತಿದ್ದೇನೆ.

ಮೂರು ನಕ್ಷತ್ರಗಳು

ವೆಸ್ಟರ್ನ್ ಚಿತ್ರಗಳನ್ನು ನೋಡುವ ನಮ್ಮವರಲ್ಲಿ ಒಂದು ಗೊಂದಲ ಸಾಮಾನ್ಯ. ನಕ್ಷತ್ರ ಧರಿಸಿದವರೆಲ್ಲ ಒಂದೇ ಅಲ್ಲ. ಷೆರಿಫ್ ಎಂಬವನು ಒಂದು ಜಿಲ್ಲೆಯ ಅಧಿಕಾರಿ, ಜಿಲ್ಲೆಯ ಮತದಾರರಿಂದ ಆಯ್ಕೆಯಾದವನು. ಊರ ಮಾರ್ಷಲ್ ಪುರಸಭೆಯ ನೌಕರ. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ ಪಟ್ಟಣದ ತಳವಾರ. ಮೂರನೆಯವನು ಸಂಯುಕ್ತ ಸಂಸ್ಥಾನಗಳ ಮಾರ್ಷಲ್. ಈ ಹುದ್ದೆ ಜಾರ್ಜ್ ವಾಷಿಂಗ್ಟನ್ನರ ಕಾಲದ್ದು. ೧೭೮೯ರ ನ್ಯಾಯಾಂಗ ಶಾಸನದಿಂದ ಹುಟ್ಟಿದ್ದು. ಇವನನ್ನು ನೇಮಿಸುವವರು ಸೆನೆಟ್ಟಿನ ಒಪ್ಪಿಗೆಯೊಡನೆ ಸ್ವತಃ ರಾಷ್ಟ್ರಾಧ್ಯಕ್ಷರು. ಒಕ್ಕೂಟದ ನ್ಯಾಯಾಲಯಗಳ ಆಜ್ಞೆಯನ್ನು ಜಾರಿಗೊಳಿಸುವುದು ಇವನ ಕರ್ತವ್ಯ. ಮೊದಲ ಜನಗಣತಿಯಿಂದ ೧೮೭೦ರವರೆಗೆ ದೇಶದ ತಲೆಯೆಣಿಕೆಯೂ ಇವನದೇ ಕೆಲಸವಾಗಿತ್ತು. ಇವನ ಕೈಕೆಳಗಿನ ಉಪಮಾರ್ಷಲರಿಗೆ ೧೮೯೬ರವರೆಗೆ ತಿಂಗಳ ಸಂಬಳವೆಂಬುದೇ ಇರಲಿಲ್ಲ. ಹಿಡಿದು ತಂದ ಆರೋಪಿಗೆ ಇಷ್ಟು, ನಡೆದ ಮೈಲಿಗೆ ಇಷ್ಟು ಎಂಬ ಲೆಕ್ಕ.

ತೆರೆಯ ಮೇಲೆ ಕುದುರೆಯೂ ಪಿಸ್ತೂಲೂ ಕಾಣುತ್ತವೆ. ಈ ಲೆಕ್ಕದ ಪುಸ್ತಕ ಕಾಣುವುದಿಲ್ಲ. ಊರ ಮಾರ್ಷಲನಂತೂ ದಂಡ ವಸೂಲು ಮಾಡಬೇಕು, ಬೀದಿ ಚೊಕ್ಕಟವಾಗಿದೆಯೇ ಎಂದು ನೋಡಬೇಕು, ಬೀಡಾಡಿ ನಾಯಿಗಳನ್ನು ಕೊಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಊರೊಳಗೆ ಯಾರೂ ಆಯುಧ ಧರಿಸಿ ತಿರುಗದಂತೆ ನೋಡಿಕೊಳ್ಳಬೇಕು. ಸೊಂಟದಲ್ಲಿ ಪಿಸ್ತೂಲಿಲ್ಲದ ಗಂಡಸೇ ಇಲ್ಲದ ಊರುಗಳನ್ನು ಚಿತ್ರಗಳಲ್ಲಿ ಕಂಡ ನಮಗೆ ಇದು ಆಶ್ಚರ್ಯವೆನಿಸೀತು. ಆದರೆ ಕ್ಯಾನ್ಸಾಸ್ ಸೀಮೆಯ ದನದ ಸಂತೆಯ ಊರುಗಳಲ್ಲಿ ಪುರಸಭೆಗಳು ಬೇಗನೆ ಕೈಗೊಂಡ ಕಟ್ಟಳೆಗಳಲ್ಲಿ ಇದೂ ಒಂದು. ಬಂದವರು ಬಂದೂಕನ್ನು ಒಪ್ಪಿಸಿ ಊರೊಳಗೆ ಕಾಲಿಡಬೇಕು. ಹೊರಡುವಾಗ ಹಿಂದಕ್ಕೆ ಪಡೆಯಬೇಕು. ರಾಬರ್ಟ್ ಡೈಕ್ಸ್ಟ್ರ ಎಂಬ ಇತಿಹಾಸಕಾರ ೧೯೬೮ರ ತನ್ನ ಗ್ರಂಥದಲ್ಲಿ ಇಂಥ ಐದು ಊರುಗಳ ದಾಖಲೆಗಳನ್ನು ಶೋಧಿಸಿದ. ೧೮೭೦ರಿಂದ ೧೮೮೫ರವರೆಗೆ ಐದೂ ಊರುಗಳಲ್ಲಿ ಅವನಿಗೆ ಸಿಕ್ಕ ಕೊಲೆಗಳು ಒಟ್ಟು ೪೫. ಊರುಗಳು ಚಿಕ್ಕವಾದುದರಿಂದ ಇದು ಅಲ್ಪವೆಂದು ತಳ್ಳಿಹಾಕುವ ಸಂಖ್ಯೆಯಲ್ಲ. ಆದರೂ ತೆರೆಯ ಮೇಲೆ ಅಷ್ಟು ಹೆಣಗಳು ಬೀಳಲು ಒಂದೆರಡು ವಾರ ಸಾಕು.

ಮುಷ್ಟಿಯ ಮಾರ್ಷಲ್, ಪಿಸ್ತೂಲಿನ ಮಾರ್ಷಲ್

ಆ ಐದರಲ್ಲಿ ಮೊದಲನೆಯ ಊರು ಆಬಿಲೀನ್. ಟೆಕ್ಸಸ್ಸಿನಿಂದ ನೂರಾರು ಮೈಲಿ ನಡೆದು ಬಂದ ದನದ ಮಂದೆಗಳು ೧೮೬೭ರಿಂದ ಇಲ್ಲಿ ರೈಲು ಹತ್ತುತ್ತಿದ್ದವು. ತಿಂಗಳುಗಟ್ಟಲೆ ಧೂಳು ಕುಡಿದ ದನಗಾಹಿಗಳು ಕೂಲಿಯನ್ನು ಕೈಯಲ್ಲಿ ಹಿಡಿದು ಊರು ಹೊಕ್ಕರೆ ಪಾನಗೃಹಗಳಿಗೆ ಹಬ್ಬ, ಉಳಿದವರಿಗೆ ಗ್ರಹಚಾರ. ಕಟ್ಟುತ್ತಿದ್ದ ಸೆರೆಮನೆಯನ್ನೇ ಅವರು ಕೆಡವಿದರು. ಆಯುಧ ನಿಷೇಧದ ಫಲಕಗಳನ್ನು ಗುಂಡಿಗೆ ಗುರಿಮಾಡಿದರು.

೧೮೭೦ರಲ್ಲಿ ಟಾಮ್ ಸ್ಮಿತ್ ಎಂಬವನು ಅಲ್ಲಿಗೆ ಮಾರ್ಷಲನಾಗಿ ಬಂದ. ಆಯುಧವನ್ನು ಒಪ್ಪಿಸೆಂದು ಕೇಳುವುದು, ಒಪ್ಪದಿದ್ದರೆ ಮುಷ್ಟಿಯಿಂದ ಕೆಡಹುವುದು: ಇದು ಅವನ ಕ್ರಮ. ಪಿಸ್ತೂಲನ್ನು ಎಳೆಯುವ ಮೊದಲೇ ಎದುರಿಗಿದ್ದವನು ನೆಲದ ಮೇಲಿರುತ್ತಿದ್ದ. ಕೆಲವೇ ತಿಂಗಳಲ್ಲಿ ಊರು ಶಾಂತವಾಯಿತು. ಆ ನವೆಂಬರಿನಲ್ಲಿ ಕೊಲೆಯ ಆರೋಪಿಯಾದ ರೈತನೊಬ್ಬನನ್ನು ಬಂಧಿಸಲು ಸ್ಮಿತ್ ಊರ ಹೊರಗೆ ಹೋದ. ಗುಂಡೇಟು ತಿಂದು ಸೆಣಸುತ್ತಿದ್ದಾಗ ಕೊಡಲಿಯ ಪೆಟ್ಟಿಗೆ ಬಲಿಯಾದ. ಜೊತೆಗೆ ಹೋಗಿದ್ದ ಸಹಾಯಕ ಅವನನ್ನು ಅಲ್ಲಿಯೇ ಬಿಟ್ಟು ಓಡಿಹೋಗಿದ್ದ. ‘ಹೈ ನೂನ್’ ಚಿತ್ರದ ಕಥೆ ಕಟ್ಟುಕಥೆಯೇ ಸರಿ. ಆದರೆ ಅದರ ಬೀಜ ನೆಲದಲ್ಲಿಯೇ ಇತ್ತು. ಆಬಿಲೀನಿನಲ್ಲಿ ಬೆಳೆದ ಬಾಲಕನೊಬ್ಬ ಈ ಸ್ಮಿತ್ತನನ್ನು ತನ್ನ ಆದರ್ಶವಾಗಿ ಇಟ್ಟುಕೊಂಡಿದ್ದ. ಮುಂದೆ ಅಮೆರಿಕದ ಅಧ್ಯಕ್ಷನಾದ ಆ ಬಾಲಕ ಡ್ವೈಟ್ ಐಸೆನ್‌ಹೋವರ್.

ಸ್ಮಿತ್ತನ ತರುವಾಯ, ೧೮೭೧ರಲ್ಲಿ, ಪುರಸಭೆ ಕರೆದದ್ದು ಪಿಸ್ತೂಲಿಗೆ ಪ್ರಖ್ಯಾತನಾದ ವೈಲ್ಡ್ ಬಿಲ್ ಹಿಕಾಕನನ್ನು. ಸಂಬಳ ತಿಂಗಳಿಗೆ ೧೫೦ ಡಾಲರ್. ಅಕ್ಟೋಬರ್ ೫ರ ರಾತ್ರಿ ಬೀದಿಯಲ್ಲಿ ಗಲಭೆಯೆದ್ದಿತು. ಫಿಲ್ ಕೋ ಎಂಬ ಜೂಜುಗಾರನ ಮೇಲೆ ಹಿಕಾಕ್ ಗುಂಡು ಹಾರಿಸಿದ. ಅದೇ ಕ್ಷಣದಲ್ಲಿ ಕತ್ತಲಿನಿಂದ ಇನ್ನೊಬ್ಬ ಓಡಿಬಂದ; ಹಿಕಾಕ್ ತಿರುಗಿ ಅವನನ್ನೂ ಹೊಡೆದ. ಬಿದ್ದವನು ಮೈಕ್ ವಿಲಿಯಮ್ಸ್, ಅವನದೇ ಮಿತ್ರ. ಮಾರ್ಷಲನಿಗೆ ನೆರವಾಗಲೆಂದು ಓಡಿಬಂದಿದ್ದವನು! ಸಹಾಯಕ್ಕೆ ಯಾರೂ ಬಾರದ ದುರಂತವನ್ನು ಸಿನಿಮಾ ನಮಗೆ ತೋರಿಸಿದೆ. ಬಂದವನೇ ಬಲಿಯಾದ ಈ ದುರಂತ ಅದಕ್ಕಿಂತ ಕಠೋರವಾದದ್ದು. ಆ ವರ್ಷ ಮುಗಿಯುವ ಮೊದಲೇ ಊರು ಹಿಕಾಕನನ್ನು ಬಿಡಿಸಿತು. ದನದ ವ್ಯಾಪಾರವೇ ತಮಗೆ ಬೇಡವೆಂದಿತು.

ಮೂವತ್ತು ಸೆಕೆಂಡು

ಮಾರ್ಷಲರ ಕಥೆಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಅರಿಜೋನದ ಟೂಮ್‌ಸ್ಟೋನ್ ಎಂಬ ಬೆಳ್ಳಿಯ ಗಣಿಯ ಊರಿನದು. ಓ.ಕೆ. ಕೊರಾಲ್ ಎಂಬ ಕುದುರೆ ಲಾಯದ ಹೆಸರನ್ನು ಕೇಳದ ಚಿತ್ರರಸಿಕರು ವಿರಳ. ನಿಜವಾಗಿ ಕಾಳಗ ನಡೆದದ್ದು ಆ ಲಾಯದೊಳಗಲ್ಲ. ಅದರ ಹಿಂಬಾಗಿಲಿನಿಂದ ತುಸು ದೂರದ, ಛಾಯಾಚಿತ್ರಗಾರನೊಬ್ಬನ ಮನೆಯ ಪಕ್ಕದ ಇಕ್ಕಟ್ಟಾದ ಖಾಲಿ ಜಾಗದಲ್ಲಿ. ಕಾಲ ೧೮೮೧ರ ಅಕ್ಟೋಬರ್ ೨೬. ನಡೆದದ್ದು ಸುಮಾರು ಮೂವತ್ತು ಸೆಕೆಂಡು, ಹಾರಿದ ಗುಂಡುಗಳು ಸುಮಾರು ಮೂವತ್ತು, ಸತ್ತವರು ಮೂವರು.

ಆ ದಿನ ಊರ ಮಾರ್ಷಲನಾಗಿದ್ದವನು ಸಿನಿಮಾಗಳ ನಾಯಕ ವೈಯಟ್ ಅರ್ಪ್ ಅಲ್ಲ. ಅವನ ಅಣ್ಣ ವರ್ಜಿಲ್. ವೈಯಟ್ ತಾತ್ಕಾಲಿಕ ಸಹಾಯಕ ಮಾತ್ರ. ಜಗಳಕ್ಕೆ ಹಿಂದಿನ ದ್ವೇಷಗಳೆಷ್ಟೋ ಇದ್ದವು. ಆದರೆ ವರ್ಜಿಲ್ ಬೀದಿಗಿಳಿದದ್ದಕ್ಕೆ ಕಾನೂನಿನ ಆಧಾರ ಒಂದು ಪುರಸಭೆಯ ಕಟ್ಟಳೆ: ಊರೊಳಗೆ ಆಯುಧ ಧರಿಸುವುದನ್ನು ನಿಷೇಧಿಸಿ ಅದೇ ಏಪ್ರಿಲಿನಲ್ಲಿ ಮಾಡಿದ್ದ ೯ನೆಯ ನಿಯಮ. ಜಗತ್ತಿನ ಅತ್ಯಂತ ಪ್ರಖ್ಯಾತವಾದ ಪಿಸ್ತೂಲಿನ ಕಾಳಗ ಪಿಸ್ತೂಲು ಧರಿಸಬಾರದೆಂಬ ನಿಯಮದಿಂದ ಹೊತ್ತಿಕೊಂಡಿತು!

ಕಾಳಗದ ಮರುಕ್ಷಣ ಜಯಘೋಷವೇನೂ ಏಳಲಿಲ್ಲ. ಅರ್ಪ್ ಸೋದರರ ಮೇಲೆ ಕೊಲೆಯ ಆರೋಪ ಬಂದು ಸುಮಾರು ಒಂದು ತಿಂಗಳು ವಿಚಾರಣೆ ನಡೆಯಿತು. ಜಿಲ್ಲೆಯ ಷೆರಿಫನೇ ಅವರ ವಿರುದ್ಧ ಸಾಕ್ಷಿ ನುಡಿದ. ನ್ಯಾಯಾಧೀಶ ಬಿಡುಗಡೆ ಮಾಡಿದ, ಊರು ಎರಡಾಗಿಯೇ ಉಳಿಯಿತು. ಡಿಸೆಂಬರಿನ ರಾತ್ರಿಯೊಂದರಲ್ಲಿ ಹೊಂಚುಹಾಕಿದವರ ಗುಂಡಿಗೆ ವರ್ಜಿಲ್ ಎಡಗೈಯ ಶಕ್ತಿಯನ್ನು ಕಳೆದುಕೊಂಡ. ಮುಂದಿನ ಮಾರ್ಚಿಯಲ್ಲಿ ಕಿರಿಯ ತಮ್ಮ ಮಾರ್ಗನ್ ಕೊಲೆಯಾದ. ಆಮೇಲೆ ವೈಯಟ್ ಸೇಡಿನ ದಾರಿ ಹಿಡಿದ. ಎದೆಯ ಮೇಲೆ ಉಪಮಾರ್ಷಲನ ಬಿಲ್ಲೆಯಿತ್ತು, ಬೆನ್ನ ಹಿಂದೆ ಅವನನ್ನೇ ಬಂಧಿಸುವ ವಾರಂಟಿತ್ತು. ಆ ಸ್ಥಿತಿಯಲ್ಲೇ ಅರಿಜೋನವನ್ನು ಬಿಟ್ಟ.

ಅವನ ಮುಪ್ಪು ಕಳೆದದ್ದು ಹಾಲಿವುಡ್ಡಿನ ನೆರೆಯಲ್ಲಿ. ೧೯೨೯ರಲ್ಲಿ ಎಂಬತ್ತು ವರ್ಷದ ವೈಯಟ್ ಲಾಸ್ ಏಂಜಲಿಸಿನಲ್ಲಿ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಮೂಕಿಚಿತ್ರಗಳ ವಿಲಿಯಂ ಹಾರ್ಟ್ ಮತ್ತು ಟಾಮ್ ಮಿಕ್ಸ್ ಇದ್ದರು. ನಿಜದ ಮಾರ್ಷಲನನ್ನು ತೆರೆಯ ಮಾರ್ಷಲರು ಹೊತ್ತು ನಡೆದರು. ಅಂದಿನಿಂದ ಹೊತ್ತೇ ಇದ್ದಾರೆ. ೧೯೪೬ರಲ್ಲಿ ಜಾನ್ ಫೋರ್ಡ್ ‘ಮೈ ಡಾರ್ಲಿಂಗ್ ಕ್ಲೆಮಂಟೈನ್’ ಚಿತ್ರವನ್ನು ತೆಗೆದ. ಕಾಳಗಕ್ಕೆ ಮೊದಲೇ ಸತ್ತಿದ್ದ ಮುದುಕ ಕ್ಲಾಂಟನ್ ಅಲ್ಲಿ ಬದುಕಿದ್ದಾನೆ. ೧೯೨೬ರವರೆಗೆ ಬಾಳಿದ ಜೇಮ್ಸ್ ಅರ್ಪ್ ಅಲ್ಲಿ ಎಳೆಯ ವಯಸ್ಸಿನಲ್ಲಿ ಕೊಲೆಯಾಗುತ್ತಾನೆ. ಚರಿತ್ರೆಯ ದೃಷ್ಟಿಯಿಂದ ಹೆಜ್ಜೆ ಹೆಜ್ಜೆಗೂ ತಪ್ಪು. ಆದರೂ, ಇನ್ನೂ ಪೂರ್ತಿಯಾಗದ ಇಗರ್ಜಿಯ ಮರದ ಹಲಗೆಗಳ ಮೇಲೆ, ಬಯಲ ಗಾಳಿಯಲ್ಲಿ, ಹೆನ್ರಿ ಫಾಂಡಾನ ಮಾರ್ಷಲ್ ಸಂಕೋಚದಿಂದ ನರ್ತಿಸುವ ದೃಶ್ಯ ಒಂದು ನಿಜವನ್ನು ಹೇಳುತ್ತದೆ. ಅವನು ಕಾಯಬೇಕಾದದ್ದು ಆ ಹಲಗೆಗಳನ್ನು, ಆ ಕುಣಿತವನ್ನು, ಊರಾಗಲು ಹವಣಿಸುತ್ತಿರುವ ಆ ಜನರನ್ನು.

ಮನೆಯ ಮಾರ್ಷಲ್

ಟೆಲಿವಿಷನ್ ಬಂದಮೇಲೆ ಮಾರ್ಷಲ್ ಅಮೆರಿಕದ ಮನೆಮನೆಯ ನಡುಮನೆಗೆ ಬಂದ. ೧೯೫೯ರ ಹೊತ್ತಿಗೆ ಅಲ್ಲಿ ಸಂಜೆಯ ವೇಳೆಯಲ್ಲಿ ಪ್ರಸಾರವಾಗುತ್ತಿದ್ದ ವೆಸ್ಟರ್ನ್ ಮಾಲಿಕೆಗಳು ಇಪ್ಪತ್ತೈದಕ್ಕೂ ಹೆಚ್ಚು. ಅವುಗಳಲ್ಲಿ ದೀರ್ಘಾಯುಷಿಯಾದದ್ದು ‘ಗನ್‌ಸ್ಮೋಕ್’. ರೇಡಿಯೋ ನಾಟಕವಾಗಿ ೧೯೫೨ರಲ್ಲಿ ಹುಟ್ಟಿ, ೧೯೫೫ರಿಂದ ೧೯೭೫ರವರೆಗೆ ಟೆಲಿವಿಷನ್ನಿನಲ್ಲಿ ೬೩೫ ಕಂತು ನಡೆಯಿತು. ಡಾಡ್ಜ್ ಸಿಟಿಯ ಮಾರ್ಷಲ್ ಮ್ಯಾಟ್ ಡಿಲನ್ ಆಗಿ ಆ ಇಪ್ಪತ್ತು ವರ್ಷವೂ ಅಭಿನಯಿಸಿದವನು ಆರಡಿ ಏಳಂಗುಲದ ಜೇಮ್ಸ್ ಆರ್ನೆಸ್.

ಅಜೇಯನೆಂದು ನಾವು ಭಾವಿಸುವ ಈ ಮಾರ್ಷಲ್ ಮೊದಲ ಕಂತಿನಲ್ಲಿಯೇ ತನಗಿಂತ ವೇಗದ ಕೈಯವನಿಂದ ಗುಂಡು ತಿಂದು ಮಲಗುತ್ತಾನೆ. ಅವನನ್ನು ಎಬ್ಬಿಸುವವರು ಡಾಕ್ಟರ್, ಪಾನಗೃಹದ ಕಿಟ್ಟಿ, ಕುಂಟು ಕಾಲಿನ ಚೆಸ್ಟರ್. ಮಾಲಿಕೆಯ ಗುಟ್ಟು ಇದೇ ಇರಬೇಕು: ಡಿಲನ್ ಒಬ್ಬನೇ ಅಲ್ಲ. ವಿಚಿತ್ರವೆಂದರೆ ಚೆಸ್ಟರನ ಕುಂಟು ಬರಿಯ ಅಭಿನಯ. ನಿಜವಾಗಿ ಕಾಲುನೋವಿನವನು ಆರ್ನೆಸ್. ೧೯೪೪ರಲ್ಲಿ ಇಟಲಿಯ ಆಂಜಿಯೋ ಯುದ್ಧದಲ್ಲಿ ಅವನ ಕಾಲಿಗೆ ಬಿದ್ದ ಪೆಟ್ಟು ಜೀವನವಿಡೀ ಕಾಡಿತು. ಎಲ್ಲರಿಗೂ ಆಸರೆಯಾಗಿ ಕಂಡವನು ನೋವನ್ನು ನುಂಗಿ ಕುದುರೆಯೇರುತ್ತಿದ್ದ.

ಇಬ್ಬರು ನಿರ್ದೇಶಕರ ವಾದ

ಮತ್ತೆ ‘ಹೈ ನೂನ್’ಗೆ ಬರೋಣ. ಅದರ ನಿರ್ದೇಶಕ ಫ್ರೆಡ್ ಜಿನ್ನೆಮನ್ ವಿಯೆನ್ನಾದಲ್ಲಿ ಬೆಳೆದ ಯೆಹೂದಿ; ಅವನ ತಂದೆತಾಯಿಗಳು ನಾಜಿಗಳ ಹತ್ಯಾಕಾಂಡದಲ್ಲಿ ಮಡಿದವರು. ಚಿತ್ರಕಥೆ ಬರೆದ ಕಾರ್ಲ್ ಫೋರ್‌ಮನ್ನನನ್ನು, ೧೯೫೧ರಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗಲೇ, ಕಮ್ಯೂನಿಸ್ಟರನ್ನು ಹುಡುಕುತ್ತಿದ್ದ ಸಂಸತ್ ಸಮಿತಿ ಕರೆಸಿತು. ಹಳೆಯ ಸಂಗಡಿಗರ ಹೆಸರುಗಳನ್ನು ಹೇಳಲು ಅವನು ಒಪ್ಪಲಿಲ್ಲ. ಬೀದಿಯಲ್ಲಿ ಎದುರಾದ ಪರಿಚಿತರು ಮುಖ ತಿರುಗಿಸಿದರು. ಕೊನೆಗೆ ಇಂಗ್ಲೆಂಡಿಗೆ ಹೋಗಿ ನೆಲಸಿದ. ಮುಚ್ಚಿದ ಬಾಗಿಲುಗಳನ್ನು ಅವನು ಕಲ್ಪನೆಯಿಂದಷ್ಟೇ ಬರೆದಿರಲಿಲ್ಲ.

ಈ ಚಿತ್ರವನ್ನು ಒಪ್ಪದವರೂ ಇದ್ದರು. ಕೂಪರನಿಗೆ ಬಂದ ಆಸ್ಕರ್ ಪಾರಿತೋಷಕವನ್ನು, ಅವನ ಗೈರುಹಾಜರಿಯಲ್ಲಿ, ೧೯೫೩ರ ಸಮಾರಂಭದಲ್ಲಿ ಕೈನೀಡಿ ಪಡೆದವನು ಜಾನ್ ವೇಯ್ನ್. ಅದೇ ವೇಯ್ನ್ ೧೯೭೧ರ ಸಂದರ್ಶನವೊಂದರಲ್ಲಿ ಇದು ಅಮೆರಿಕಕ್ಕೆ ಸಲ್ಲದ ಚಿತ್ರವೆಂದು ಹಳಿದ. ಕೂಪರ್ ನಕ್ಷತ್ರವನ್ನು ಕಾಲಿನಿಂದ ತುಳಿದನೆಂದೂ ಹೇಳಿದ. ಚಿತ್ರದಲ್ಲಿ ತುಳಿಯುವ ದೃಶ್ಯವೇ ಇಲ್ಲ. ನಿರ್ದೇಶಕ ಹಾವರ್ಡ್ ಹಾಕ್ಸ್ ಕೂಡ, ತನ್ನ ಕಸುಬನ್ನು ಬಲ್ಲ ಅಧಿಕಾರಿ ಊರವರ ನೆರವಿಗಾಗಿ ಅಲೆಯುವುದುಂಟೇ ಎಂದು ಆಕ್ಷೇಪಿಸಿ, ಉತ್ತರರೂಪವಾಗಿ ೧೯೫೯ರಲ್ಲಿ ‘ರಿಯೋ ಬ್ರಾವೋ’ ಚಿತ್ರವನ್ನು ತೆಗೆದ. ಅದರಲ್ಲಿ ವೇಯ್ನನ ಷೆರಿಫ್ ಯಾರನ್ನೂ ಬೇಡುವುದಿಲ್ಲ. ಆದರೆ ಕಥೆ ಮುಗಿಯುವ ಹೊತ್ತಿಗೆ ಕುಡಿತ ಬಿಡಲು ಹೆಣಗುವ ಸಹಾಯಕ, ಕುಂಟ ಮುದುಕ, ಹದಿಹರೆಯದ ತರುಣ, ಒಬ್ಬ ಜೂಜುಗಾರ್ತಿ ಇವರೆಲ್ಲ ಒಂದಲ್ಲ ಒಂದು ಗಳಿಗೆಯಲ್ಲಿ ಅವನ ಪ್ರಾಣ ಉಳಿಸಿರುತ್ತಾರೆ! ಒಬ್ಬ ನಿರ್ದೇಶಕನ ಮಾರ್ಷಲ್ ಬೇಡಿದ, ಜನ ಬರಲಿಲ್ಲ. ಇನ್ನೊಬ್ಬನ ಷೆರಿಫ್ ಬೇಡಲಿಲ್ಲ, ಜನ ಬಂದರು. ಒಂಟಿಯಾಗಿ ಕಾನೂನನ್ನು ಕಾಯಲಾಗದೆಂಬ ಮಾತಿನಲ್ಲಿ ಇಬ್ಬರೂ ಒಂದೇ.

ಈ ಪ್ರಶ್ನೆ ನಮ್ಮ ರಾಮನಗರದ ಬಂಡೆಗಳ ನಡುವೆಯೂ ಒಮ್ಮೆ ಕೇಳಿಬಂದಿತ್ತು. ಅಲ್ಲಿ ಚಿತ್ರೀಕರಣಗೊಂಡು ೧೯೭೫ರಲ್ಲಿ ಬಿಡುಗಡೆಯಾದ ‘ಶೋಲೆ’ ಹಿಂದಿ ಚಿತ್ರ ವೆಸ್ಟರ್ನ್ ಚಿತ್ರಗಳಿಗೆ ಬಹಳ ಋಣಿ. ಡಕಾಯಿತರಿಗೆ ಬೆದರಿದ ಹಳ್ಳಿಗರು ರಕ್ಷಕರಿಬ್ಬರನ್ನು ಒಪ್ಪಿಸಿಬಿಡೋಣವೆಂದಾಗ ಅವರನ್ನು ನಾಚಿಸುವವನು ಆಗಷ್ಟೇ ಮಗನನ್ನು ಕಳೆದುಕೊಂಡ ಕುರುಡ ಮುದುಕ. ಹ್ಯಾಡ್ಲೀವಿಲ್ಲಿನ ಇಗರ್ಜಿಯಲ್ಲಿ ಅಂಥ ಒಬ್ಬ ಇಮಾಮ್ ಸಾಹೇಬ ಇದ್ದಿದ್ದರೆ ಕೇನನ ಕಥೆ ಬೇರೆಯಾಗುತ್ತಿತ್ತೇನೋ.

ತೆರೆ ಮರೆತವನು

ತೆರೆ ಬಹುಕಾಲ ಮರೆತಿದ್ದ ಒಬ್ಬನನ್ನು ಇಲ್ಲಿ ನೆನೆಯಬೇಕು. ಬ್ಯಾಸ್ ರೀವ್ಸ್ ೧೮೩೮ರಲ್ಲಿ ಆರ್ಕನ್ಸಾದಲ್ಲಿ ಗುಲಾಮನಾಗಿ ಹುಟ್ಟಿದ ಕರಿಯ ಜನಾಂಗದವನು. ೧೮೭೫ರಲ್ಲಿ ಉಪಮಾರ್ಷಲನಾಗಿ ೩೨ ವರ್ಷ ದುಡಿದ. ಓದುಬರಹ ಬಾರದು; ವಾರಂಟುಗಳನ್ನು ಇತರರಿಂದ ಓದಿಸಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದ. ಬಂಧಿಸಿದವರ ಸಂಖ್ಯೆ ಮೂರು ಸಾವಿರಕ್ಕೂ ಮೇಲೆಂದು ಹೇಳುತ್ತಾರೆ. ತನ್ನ ಅಡಿಗೆಯವನನ್ನು ಕೊಂದ ಆರೋಪ ಅವನ ಮೇಲೆಯೇ ಬಂದಾಗ ನ್ಯಾಯಾಲಯದ ಕಟಕಟೆಯಲ್ಲಿ ನಿಂತು, ೧೮೮೭ರಲ್ಲಿ ನಿರ್ದೋಷಿಯೆನಿಸಿಕೊಂಡ. ಮುಂದೆ ಸ್ವಂತ ಮಗ ಹೆಂಡತಿಯನ್ನು ಕೊಂದಾಗ, ಇತರರು ಹಿಂಜರಿಯಲು, ಆ ವಾರಂಟನ್ನು ತಾನೇ ಕೇಳಿ ಪಡೆದು ಮಗನನ್ನು ಹಿಡಿದು ತಂದನೆಂಬುದು ಪ್ರಸಿದ್ಧವಾದ ಕಥೆ. ೧೯೦೭ರಲ್ಲಿ ಒಕ್ಲಹೋಮ ರಾಜ್ಯವಾಯಿತು. ಹೊಸ ಶಾಸನಸಭೆ ಕೂಡಲೇ ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ರೈಲು ಡಬ್ಬಿಗಳೆಂದು ಕಾನೂನು ಮಾಡಿತು. ಯಾವ ನೆಲದ ಕಾನೂನನ್ನು ಅವನು ಮೂರು ದಶಕ ಕಾದಿದ್ದನೋ ಆ ನೆಲ ಅವನಿಗೆ ತನ್ನ ಬಾಗಿಲನ್ನು ಮುಚ್ಚಿತು. ೧೯೧೦ರಲ್ಲಿ ರೀವ್ಸ್ ತೀರಿಕೊಂಡ. ಅವನ ಹೆಸರಿನ ದೊಡ್ಡ ಟೆಲಿವಿಷನ್ ಮಾಲಿಕೆ ಬಂದದ್ದು ೨೦೨೩ರಲ್ಲಿ.

ಮತಪತ್ರ ಹಿಡಿದ ಮಾರ್ಷಲ್

ಹಾಗಾದರೆ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರವೇನು? ನನಗೆ ಅದು ದೊರೆತದ್ದು ಹಾಲಿವುಡ್ಡಿನಲ್ಲಿ ಅಲ್ಲ, ಪೋಲೆಂಡಿನಲ್ಲಿ.

ದಶಕಗಳ ಏಕಪಕ್ಷದ ಆಳ್ವಿಕೆಯ ತರುವಾಯ, ೧೯೮೯ರ ಜೂನ್ ೪ರಂದು ಪೋಲೆಂಡಿನಲ್ಲಿ ಭಾಗಶಃ ಸ್ವತಂತ್ರವಾದ ಚುನಾವಣೆ ನಡೆಯಿತು. ಆ ದಿನ ವಾರ್ಸಾ ನಗರದ ಗೋಡೆಗಳ ಮೇಲೆ ಒಂದು ಭಿತ್ತಿಚಿತ್ರ ಕಾಣಿಸಿಕೊಂಡಿತು. ತೋಮಾಷ್ ಸಾರ್ನೆಟ್ಸ್ಕಿ ಎಂಬ ತರುಣ ಕಲಾವಿದ ರಚಿಸಿದ್ದು. ಅದರಲ್ಲಿದ್ದವನು ನಮ್ಮ ವಿಲ್ ಕೇನ್: ಅದೇ ಗ್ಯಾರಿ ಕೂಪರ್, ಅದೇ ಕರಿಯ ಅಂಗಿ, ಅದೇ ನಡಿಗೆ. ವ್ಯತ್ಯಾಸ ಎರಡೇ. ಎದೆಯ ನಕ್ಷತ್ರದ ಮೇಲ್ಗಡೆ ‘ಸಾಲಿಡಾರಿಟಿ’ ಕಾರ್ಮಿಕ ಸಂಘಟನೆಯ ಬಿಲ್ಲೆಯಿದೆ. ಕೈಯಲ್ಲಿ ಪಿಸ್ತೂಲಿನ ಬದಲು ಮತಪತ್ರವಿದೆ. ಕೆಳಗೆ ‘ನಡುಹಗಲು’ ಎಂಬ ಮಾತು, ಆ ದಿನದ ತಾರೀಖು.

ಅಂದು ಜನ ಬಾಗಿಲು ತೆರೆದು ಹೊರಗೆ ಬಂದರು. ಎರಡು ಸುತ್ತಿನ ಮತದಾನ ಮುಗಿದಾಗ ಸೆನೆಟ್ಟಿನ ೧೦೦ ಸ್ಥಾನಗಳಲ್ಲಿ ೯೯ನ್ನೂ, ಕೆಳಮನೆಯಲ್ಲಿ ಸ್ಪರ್ಧೆಗೆ ಬಿಟ್ಟಿದ್ದ ೧೬೧ ಸ್ಥಾನಗಳೆಲ್ಲವನ್ನೂ ಸಾಲಿಡಾರಿಟಿ ಗೆದ್ದಿತ್ತು.

ಬಾಗಿಲು ಮುಚ್ಚಿದವರೆಲ್ಲ ಕೆಟ್ಟವರಲ್ಲ, ಮಗು. ಒಬ್ಬೊಬ್ಬನೇ ಒಳಗೆ ಕುಳಿತು ಯೋಚಿಸಿದರೆ ಪ್ರತಿಯೊಬ್ಬನಿಗೂ ಒಂದು ಒಳ್ಳೆಯ ಕಾರಣ ದೊರೆಯುತ್ತದೆ: ಹೆಂಡತಿಯ ಕಾರಣ, ಮಕ್ಕಳ ಕಾರಣ, ವ್ಯಾಪಾರದ ಕಾರಣ. ಹ್ಯಾಡ್ಲೀವಿಲ್ಲಿನಲ್ಲಿ ಅವರೆಲ್ಲರೂ ಪಕ್ಕದ ಮನೆಯ ಬಾಗಿಲು ಮೊದಲು ತೆರೆಯಲೆಂದು ಕಾದರು. ಹಾಗಾಗಿ ಯಾವುದೂ ತೆರೆಯಲಿಲ್ಲ. ಆ ನಕ್ಷತ್ರ ಕೇನನದಾಗಿರಲಿಲ್ಲ. ಊರಿನದು, ಅವನಿಗೆ ಧರಿಸಲು ಕೊಟ್ಟದ್ದು. ಕೊಟ್ಟವರು ಹಿಂದೆ ನಿಂತಷ್ಟು ಕಾಲ ಅದಕ್ಕೆ ಬೆಲೆ. ಅವರು ಹಿಂದೆ ಸರಿದ ಗಳಿಗೆಯಲ್ಲಿ ಅದು ಬರಿಯ ತಗಡು. ಕೇನ್ ಅದನ್ನು ಧೂಳಿಗೆ ಹಾಕಿದ್ದು ಸಿಟ್ಟಿನಿಂದಲೇ ಇರಬಹುದು. ಆದರೆ ಊರಿನವರ ಸೊತ್ತನ್ನು ಅವರ ಕಾಲ ಬಳಿಯಲ್ಲಿಯೇ ಇಟ್ಟು ಹೋದ. ಬಗ್ಗಿ ಎತ್ತಿಕೊಳ್ಳುವುದು ಅವರಿಗೆ ಬಿಟ್ಟ ಮಾತು.